ಲಗತ್ತನ್ನು ನೋಡಿ

ಪಕ್ಕದಲ್ಲಿ ನಿಂತು ನನ್ನ ಮಾತನ್ನು ಸಂಜ್ಞಾಭಾಷೆಗೆ ತರುತ್ತಿರುವ ತಾಯಿಗೆ ಮೊದಲು ನಮಸ್ಕಾರ. ನಾನು ವೇಗವಾಗಿ ಮಾತಾಡುವವನು, ಕೈ ನೋಯಿಸಿದರೆ ಕ್ಷಮಿಸಬೇಕು. ಹಾರ, ಶಾಲು, ಹಣ್ಣಿನ ಬುಟ್ಟಿ ಮುಗಿದಿದೆ. ವಿಷಯಕ್ಕೆ ಬರುತ್ತೇನೆ.

ನನ್ನನ್ನು ಈ ಸಮ್ಮೇಳನದ ಅಧ್ಯಕ್ಷನನ್ನಾಗಿ ಆರಿಸಿದ ಸುದ್ದಿ ಇ-ಮೇಲ್‌ನಲ್ಲಿ ಬಂತು. ‘ಮಾನ್ಯರೇ, ಲಗತ್ತನ್ನು ನೋಡಿ’ ಅಂತ ಇತ್ತು, ಅಷ್ಟೇ. ಲಗತ್ತನ್ನು ತೆರೆದೆ. ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ‘ಬ್ಲ್ಯಾಂಕ್’ ಅಂದಿತು. ಕೆಳಗೆ ಹೋದೆ, ಮತ್ತೆ ‘ಬ್ಲ್ಯಾಂಕ್’. ಕೊನೆಗೆ ಅಡುಗೆಮನೆಯಿಂದ ಸೊಸೆಯನ್ನು ಕರೆದು ಓದಿಸಿದೆ. ‘ಮಾವ, ನಿಮ್ಮನ್ನ ಅಧ್ಯಕ್ಷರು ಮಾಡಿದ್ದಾರಂತೆ’ ಅಂದಳು. ಎಟುಕುವ ಇ-ಮೇಲ್ ಬೇಕು ಎಂದು ಕೇಳಲು ಸೇರುವ ಸಮ್ಮೇಳನದ ಆಹ್ವಾನವನ್ನು, ಕಣ್ಣಿಲ್ಲದ ಅಧ್ಯಕ್ಷನಿಗೆ, ನಮ್ಮವರೇ ಫೋಟೊ ಮಾಡಿ ಕಳಿಸಿದ್ದರು. ಕಾರ್ಯದರ್ಶಿಗಳು ಆಮೇಲೆ ಫೋನ್ ಮಾಡಿ ಬೇಸರಪಟ್ಟುಕೊಂಡರು. ನನಗೆ ಬೇಸರವಾಗಲಿಲ್ಲ, ಭಾಷಣದ ಮೊದಲ ಪುಟ ಅಲ್ಲೇ ಸಿಕ್ಕಿತು.

ಇ-ಮೇಲ್ ನಮಗೆ ಏನು ಕೊಟ್ಟಿತು ಎನ್ನುವುದು ಇವತ್ತಿನ ಹುಡುಗರಿಗೆ ಗೊತ್ತಾಗುವುದು ಕಷ್ಟ. ಹಾಸ್ಟೆಲಿನಲ್ಲಿದ್ದಾಗ ಊರಿಂದ ಬಂದ ಪತ್ರವನ್ನು ವಾರ್ಡನ್ ಓದಿ ಹೇಳಬೇಕಿತ್ತು. ನನ್ನ ಮದುವೆ ಮಾತುಕತೆ ನಡೆದದ್ದು ನನಗಿಂತ ಮೊದಲು ಅವರಿಗೆ ಗೊತ್ತಾಯಿತು, ಅವರಿಂದ ಇಡೀ ಹಾಸ್ಟೆಲಿಗೆ. ನನ್ನ ಪತ್ರವನ್ನು ನಾನೇ ಮೊದಲು ಓದುವ ಸುಖ ಸಿಕ್ಕಿದ್ದು ಕಂಪ್ಯೂಟರ್ ಬಂದ ಮೇಲೆ. ಕಿವಿ ಕೇಳದವರಿಗಂತೂ ಇ-ಮೇಲ್ ಎಂದರೆ ಟೆಲಿಫೋನಿನ ಹಂಗು ಕಳೆದದ್ದು. ಅಂತರ್ಜಾಲದ ಜನಕರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರಿಗೇ ಶ್ರವಣದೋಷವಿದೆ. ನಮ್ಮ ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಹದಿನಾಲ್ಕರ ವಯಸ್ಸಿಗೆ ದೃಷ್ಟಿ ಕಳೆದುಕೊಂಡವರು. ಮೇಲ್ ಓದುವುದರಿಂದ ಹಿಡಿದು ಎಲ್ಲ ಕೆಲಸವನ್ನೂ ಧ್ವನಿಯಲ್ಲೇ ಮಾಡುವ ಎಮ್ಯಾಕ್‌ಸ್ಪೀಕ್ ಎಂಬ ತಂತ್ರಾಂಶವನ್ನು 1990ರ ದಶಕದಲ್ಲೇ ಬರೆದರು. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಶುರು ಮಾಡಿ ಜಗತ್ತಿಗೆ ಪುಕ್ಕಟೆ ಕೊಟ್ಟರು. ಈ ಸಭೆಯಲ್ಲಿ ಅನೇಕರ ಕಿವಿಯಲ್ಲಿರುವುದು ಅದೇ ದನಿ.

ಮೇಲ್ ಸೇವೆಗಳ ದೋಷ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿ ಎಲ್ಲರೂ ಅನುಭವಿಸಿದ್ದೇ. ಹೆಸರಿಲ್ಲದ ಗುಂಡಿಗಳು. ‘ಬಟನ್, ಬಟನ್, ಬಟನ್’ ಎಂದು ದನಿ ಹೇಳುತ್ತದೆ, ಯಾವುದು ಕಳಿಸುವ ಬಟನ್, ಯಾವುದು ಅಳಿಸುವ ಬಟನ್ ದೇವರೇ ಬಲ್ಲ. ಎನ್‌ವಿಡಿಎಯಲ್ಲಿ ‘ಕೆ’ ಒತ್ತಿದರೆ ಮುಂದಿನ ಲಿಂಕು, ಜಿಮೇಲ್‌ನ ಶಾರ್ಟ್‌ಕಟ್‌ನಲ್ಲಿ ಅದೇ ‘ಕೆ’ ಒತ್ತಿದರೆ ಇನ್ನೊಂದು ಮೇಲ್. ಒಂದೇ ಕೀಲಿಗೆ ಇಬ್ಬರು ಯಜಮಾನರು. ಜಿಮೇಲ್‌ನ ಸರಳ ಎಚ್‌ಟಿಎಂಎಲ್ ನೋಟ ನಮ್ಮಲ್ಲಿ ಅನೇಕರಿಗೆ ಹಳೆಯ ಸೈಕಲ್ಲಿನಂತೆ ಒಗ್ಗಿತ್ತು. 2024ರಲ್ಲಿ ಅದೂ ನಿಂತಿತು. ಹೊಸದನ್ನು ಕಲಿತರೆ ಕೆಲಸ ಸಾಗುತ್ತದೆ, ಆದರೆ ಕಲಿಸುವವರು ಯಾರು? ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಕ್ಯಾಪ್ಚಾದ ಓರೆಕೋರೆ ಅಕ್ಷರ ನಮಗೆ ಕಾಣುವುದಿಲ್ಲ, ಅದರ ಧ್ವನಿರೂಪ ಶ್ರವಣದೋಷವುಳ್ಳವರಿಗೆ ಕೇಳುವುದಿಲ್ಲ, ಎರಡೂ ಇಲ್ಲದವರು ಅದರ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಖಾತೆಗೆ ಬೀಗ ಬಿದ್ದರೆ ‘ಈ ನಂಬರಿಗೆ ಕರೆ ಮಾಡಿ’ ಅನ್ನುತ್ತಾರೆ. ಮಾತು ಬಾರದವರು ಕರೆ ಮಾಡಿ ಏನು ಮಾಡಬೇಕು? ಕೈ ನಡುಗುವವರಿಗೆ ಮೌಸ್ ಹತ್ತಿರ ತಂದಾಗ ಮಾತ್ರ ಮೂಡುವ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇವೆಲ್ಲ ದೊಡ್ಡ ಕಂಪನಿಗಳ ಕೈಯಲ್ಲಿವೆ. ನಿಧಾನವಾಗಿಯಾದರೂ ಸರಿಹೋಗುತ್ತಿವೆ. ಸರಿಹೋಗದೆ ಉಳಿದಿರುವುದು ನಮ್ಮ ಕಚೇರಿಗಳ ಕೈಯಲ್ಲಿರುವ ರೋಗ. ಅದೇ ಲಗತ್ತು.

ಒಂದು ಸುತ್ತೋಲೆ ಹೇಗೆ ಹುಟ್ಟುತ್ತದೆ ನೋಡಿ. ಗುಮಾಸ್ತರು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡುತ್ತಾರೆ. ಆ ಗಳಿಗೆಯಲ್ಲಿ ಅದು ಅಕ್ಷರ. ಆಮೇಲೆ ಪ್ರಿಂಟ್ ತೆಗೆಯುತ್ತಾರೆ. ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಾರೆ. ಸಹಿಯ ಮೇಲೆ, ಸಾಮಾನ್ಯವಾಗಿ ದಿನಾಂಕದ ಮೇಲೂ, ಮೊಹರು ಬೀಳುತ್ತದೆ. ಮತ್ತೆ ಸ್ಕ್ಯಾನರಿನಲ್ಲಿ ಓರೆಯಾಗಿ ಇಟ್ಟು ಚಿತ್ರ ಮಾಡುತ್ತಾರೆ. ‘ಸ್ಕ್ಯಾನ್ 0043’ ಎಂಬ ಹೆಸರಿನಲ್ಲಿ ಮೇಲ್‌ಗೆ ಸೇರಿಸಿ ಕಳಿಸುತ್ತಾರೆ. ಅಕ್ಷರವಾಗಿ ಹುಟ್ಟಿದ್ದನ್ನು ಕಾಗದ, ಶಾಯಿ, ಕರೆಂಟು ಖರ್ಚು ಮಾಡಿ ಕೊಂದು, ಅದರ ಫೋಟೊವನ್ನು ನಮಗೆ ಕಳಿಸುತ್ತಾರೆ.

ಚಿತ್ರ ಮಾಡದೆ ವರ್ಡ್ ಕಡತವನ್ನೇ ಕಳಿಸುವ ಪುಣ್ಯಾತ್ಮರೂ ಇದ್ದಾರೆ. ಆದರೆ ಹಳೆಯ ನುಡಿ, ಬರಹ ಫಾಂಟಿನಲ್ಲಿ. ಯೂನಿಕೋಡ್ ಬಂದು ಎಷ್ಟು ಕಾಲವಾಯಿತು! ಹಳೆಯ ನುಡಿ ಫಾಂಟಿನಲ್ಲಿ ಕಣ್ಣಿಗೆ ಮುದ್ದಾಗಿ ‘ಕನ್ನಡ’ ಎಂದು ಕಾಣುವ ಪದದ ಹೊಟ್ಟೆಯಲ್ಲಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೊಂದು ಗೀಟಿನ ಎ, ಜರ್ಮನರ ಒಂದು ಎಸ್, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ನನ್ನ ಯಂತ್ರ ಹೊಟ್ಟೆಯಲ್ಲಿದ್ದದ್ದನ್ನೇ ಓದುತ್ತದೆ. ರಾಜ್ಯೋತ್ಸವದ ಸುತ್ತೋಲೆಯನ್ನು ನಾನು ಹಾಗೆ ಕೇಳಿದ್ದೇನೆ.

‘ಚಿತ್ರದಿಂದ ಅಕ್ಷರ ಹೆಕ್ಕುವ ಓಸಿಆರ್ ಹಾಕಿಕೊಳ್ಳಿ’ ಎನ್ನುತ್ತಾರೆ. ಹಾಕಿಕೊಂಡಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕಾಗಿ ‘ಲಿಪಿ ಜ್ಞಾನಿ’ ಕಟ್ಟಿತು, ಅವರಿಗೆ ಋಣಿ. ಆದರೆ ಅಚ್ಚಾದ ಪುಸ್ತಕ ಬೇರೆ, ಓರೆ ಇಟ್ಟ ಕಾಗದ ಬೇರೆ. ಒತ್ತಕ್ಷರ ಉದುರುತ್ತದೆ, ಕೋಷ್ಟಕ ಕಲಸಿಹೋಗುತ್ತದೆ, ಮೊಹರಿನ ಕೆಳಗಿನ ದಿನಾಂಕ ಮಾಯವಾಗುತ್ತದೆ. ಅಲ್ಲದೆ, ಅವರ ಹತ್ತಿರ ಅಕ್ಷರವೇ ಇರುವಾಗ ಚಿತ್ರದಿಂದ ಅದನ್ನು ನಾವು ಹೆಕ್ಕಬೇಕೇಕೆ?

ಮೊಹರಿನ ಕೆಳಗಿನ ದಿನಾಂಕದಿಂದಲೇ ನಾನು ಪೆಟ್ಟು ತಿಂದೆ. ನಾನು ನೌಕರಿಯಲ್ಲಿದ್ದಾಗ ನನ್ನ ಇಲಾಖೆ ಕರಡು ಜ್ಯೇಷ್ಠತಾ ಪಟ್ಟಿಯನ್ನು ಮೇಲ್‌ನಲ್ಲಿ ಕಳಿಸಿತು. ಆಕ್ಷೇಪಣೆಗೆ 15 ದಿನ. ಲಗತ್ತು ‘ಬ್ಲ್ಯಾಂಕ್’. ಓಸಿಆರ್‌ಗೆ ಹೆಸರುಗಳು ಸಿಕ್ಕವು, ಗಡುವು ಸಿಗಲಿಲ್ಲ. ಯಾರೋ ಓದಿ ಹೇಳಿದಾಗ 17ನೆಯ ದಿನ. ನನಗಿಂತ ನಂತರ ಸೇರಿದ ನಾಲ್ವರು ನನ್ನ ಮೇಲಿದ್ದರು. ಅರ್ಜಿ ಹಾಕಿದೆ. ‘ತಮಗೆ ಇ-ಮೇಲ್ ಮೂಲಕ ಸಕಾಲದಲ್ಲಿ ತಿಳಿಸಲಾಗಿದೆ’ ಎಂದು ಉತ್ತರ ಬಂತು. ಆ ಉತ್ತರವೂ ಸ್ಕ್ಯಾನ್ ಮಾಡಿದ ಚಿತ್ರ. ನಾನು ಆ ನಾಲ್ವರ ಕೆಳಗೇ ನಿವೃತ್ತನಾದೆ.

ಹಳೆಯ ಜಗಳವೊಂದನ್ನು ಕೆದಕದೆ ಇರಲಾರೆ. ಆಗ ನಮ್ಮ ಕಾರ್ಯಕಾರಿ ಸಮಿತಿಯಲ್ಲಿ, ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರ ಮುಂದೆ ದೂರು ಹಾಕೋಣ ಎಂದೆ. ‘ಸರ್ಕಾರದ ಜೊತೆ ಜಗಳ ಬೇಡ, ಮನವಿ ಕೊಡೋಣ’ ಎಂದರು ಹಿರಿಯರು. ಕೊಟ್ಟೆವು. ಮಂತ್ರಿಗಳ ಜೊತೆ ನಿಂತು ಫೋಟೊ ತೆಗೆಸಿಕೊಂಡೆವು. ಆ ಫೋಟೊವನ್ನು ನಮ್ಮಲ್ಲಿ ಅರ್ಧ ಜನ ನೋಡಿಲ್ಲ, ನೋಡುವುದೂ ಇಲ್ಲ. ಅದರ ಹಿಂದಿನ ವರ್ಷದ ಸಮ್ಮೇಳನದ ಇಡೀ ಒಂದು ಗೋಷ್ಠಿಯನ್ನು ‘ವಿಕಲಚೇತನ’ ಅನ್ನಬೇಕೋ ‘ವಿಶೇಷಚೇತನ’ ಅನ್ನಬೇಕೋ ಎಂದು ಕಳೆದಿದ್ದೆವು. ನನ್ನನ್ನು ಏನಾದರೂ ಕರೆಯಿರಿ, ಪತ್ರವನ್ನು ಮಾತ್ರ ಅಕ್ಷರದಲ್ಲಿ ಕಳಿಸಿ ಎಂದು ಅವತ್ತೂ ಹೇಳಿದ್ದೆ. ಜಗಳಗಂಟ ಅಂದರು. ಇರಲಿ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೆಯ ಕಲಮು ಎಲೆಕ್ಟ್ರಾನಿಕ್ ಮಾಹಿತಿ ನಮಗೆ ಎಟುಕುವ ರೂಪದಲ್ಲಿರಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಸಹಿಗಾಗಿ ಕಾಗದ ಬೇಕೇ ಬೇಕು ಎನ್ನುವ ನೆಪವೂ ನಿಲ್ಲುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಾಗಿದೆ.

ಹಾಗಾಗಿ ನನ್ನ ಬೇಡಿಕೆಗಳು. ಯಾವುದೇ ಕಚೇರಿಯ ಮೇಲ್‌ನಲ್ಲಿ ಪತ್ರದ ಪೂರ್ಣ ಪಾಠ ಮೇಲ್‌ನ ಒಡಲಲ್ಲೇ, ಯೂನಿಕೋಡ್‌ನಲ್ಲಿ ಇರಬೇಕು. ಸಹಿಯ ಚಿತ್ರ ಬೇಕಿದ್ದರೆ ಜೊತೆಗಿರಲಿ. ಕಡತಕ್ಕೆ ‘ಸ್ಕ್ಯಾನ್ 0043’ ಬದಲು ವಿಷಯದ ಹೆಸರಿಡಿ. ಓದಲಾಗದ ರೂಪದಲ್ಲಿ ಕಳಿಸಿದ ಪತ್ರದ ಗಡುವು, ಓದಬಲ್ಲ ಪ್ರತಿ ತಲುಪಿದ ದಿನದಿಂದ ಶುರುವಾಗಬೇಕು. ಇದೊಂದು ಆದೇಶ ಹೊರಟರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನ್ನ ನಂಬಿಕೆ. ಸರ್ಕಾರ ಮೇಲ್ ಸೇವೆ ಕೊಳ್ಳುವ ಮುಂಚೆ ನಮ್ಮವರಿಗೆ ಸಂಬಳ ಕೊಟ್ಟು ಪರೀಕ್ಷೆ ಮಾಡಿಸಲಿ, ಟೀ ಬಿಸ್ಕತ್ತು ಕೊಟ್ಟು ಅಲ್ಲ.

ಇನ್ನೊಂದು ಆಸೆ ಇದೆ, ನಗಬೇಡಿ. ಲಗತ್ತಿಸಿದೆ ಎಂದು ಬರೆದು ಲಗತ್ತು ಮರೆತರೆ ಜಿಮೇಲ್ ನೆನಪಿಸುತ್ತದಲ್ಲ, ಹಾಗೆಯೇ ‘ಇದು ಬರೀ ಚಿತ್ರ, ಇದರಲ್ಲಿ ಅಕ್ಷರವಿಲ್ಲ, ಕಳಿಸಲೇ?’ ಎಂದು ಎಲ್ಲ ಮೇಲ್ ಸೇವೆಗಳೂ ಕೇಳಬೇಕು. ವಿಧಾನಸೌಧದ ದೊಡ್ಡ ಸಾಹೇಬರೆಲ್ಲ ವರ್ಷಕ್ಕೊಂದು ದಿನ ತೆರೆ ಆರಿಸಿ, ಮೌಸ್ ತೆಗೆದಿಟ್ಟು, ತಮ್ಮದೇ ಮೇಲ್ ಓದಬೇಕು. ಆಗುವ ಮಾತಲ್ಲ, ಗೊತ್ತು.

2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ನಾವು 13 ಲಕ್ಷಕ್ಕೂ ಹೆಚ್ಚು ಜನ. ಈ ಸಲ ಮನವಿ ಕೊಡುವುದಿಲ್ಲ, ದೂರು ಕೊಡುತ್ತೇವೆ. ನಿಮಗೆ ಬಂದ ಒಂದೊಂದು ‘ಬ್ಲ್ಯಾಂಕ್’ ಮೇಲ್ ಅನ್ನೂ ಅಳಿಸದೆ ಇಟ್ಟುಕೊಳ್ಳಿ, ಅದೇ ನಮ್ಮ ಸಾಕ್ಷಿ.

ಸಮ್ಮೇಳನದ ನಿರ್ಣಯಗಳು ಇವತ್ತು ರಾತ್ರಿಯೇ ನಿಮ್ಮೆಲ್ಲರಿಗೂ ಮೇಲ್ ಆಗುತ್ತವೆ. ಕಾರ್ಯದರ್ಶಿಗಳೇ, ಕೈಮುಗಿದು ಕೇಳುತ್ತೇನೆ, ದಯವಿಟ್ಟು ಸ್ಕ್ಯಾನರ್ ಹತ್ತಿರ ಹೋಗಬೇಡಿ.