ಪಕ್ಕದಲ್ಲಿ ನಿಲ್ಲುವ ಪದ

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳು ‘ಅಲಾಂಗ್‌ಸೈಡ್’ ಎಂಬ ಪದವನ್ನು ಬಳಸುವುದು ಕಡಿಮೆ. ‘ಜೊತೆಗೆ’ ಎನ್ನಲು ‘ವಿತ್’, ‘ಪಕ್ಕದಲ್ಲಿ’ ಎನ್ನಲು ‘ಬಿಸೈಡ್’ ಇರುವಾಗ ಮೂರನೆಯದೇಕೆ ಎಂದು ಅವರು ಕೇಳಿಯಾರು.

ಚರಿತ್ರೆಯಿಂದಲೇ ಉತ್ತರ ಕೊಡಬಹುದು. 1799ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದನು. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಅಶ್ವದಳವು ಹೈಫಾದಲ್ಲಿ ಬ್ರಿಟಿಷರೊಡನೆ ಹೋರಾಡಿತು. ಮೊದಲ ‘ಒಡನೆ’ ವೈರದ್ದು, ಎರಡನೆಯದು ಸಖ್ಯದ್ದು. ‘ಫಾಟ್ ವಿತ್’ ಎಂದರೂ ಇದೇ ಪೇಚು. ಹಳೆಯ ಇಂಗ್ಲಿಷಿನಲ್ಲಿ ‘ವಿತ್’ ಎಂಬುದಕ್ಕೆ ‘ಎದುರಾಗಿ’ ಎಂಬ ಅರ್ಥವಿತ್ತು. ಎದುರಿಸಿ ನಿಲ್ಲುವುದನ್ನು ಹೇಳುವ ‘ವಿತ್‌ಸ್ಟ್ಯಾಂಡ್’ ಪದದಲ್ಲಿ ಅದು ಇಂದಿಗೂ ಉಳಿದಿದೆ.

‘ಅಲಾಂಗ್‌ಸೈಡ್’ ಹಾಗಲ್ಲ. ಹಡಗು ಧಕ್ಕೆಗೆ ಮಗ್ಗುಲಾಗಿ ನಿಲ್ಲುವುದನ್ನು ಹೇಳುವ ಈ ಪದ, ಮನುಷ್ಯರ ವಿಷಯಕ್ಕೆ ಬಂದಾಗ ಹೆಗಲೆಣೆಯಾಗಿ ದುಡಿಯುವುದನ್ನೂ ಸೂಚಿಸುತ್ತದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನಿಗೆ ‘ಬಿಸೈಡ್’ ಸಾಕು. (ಅದಕ್ಕೆ ‘ಎಸ್’ ಅಂಟಿಸಿದರೆ ‘ಅಲ್ಲದೆ’ ಎಂಬ ಬೇರೆಯೇ ಅರ್ಥ, ಪರೀಕ್ಷಕರಿಗೆ ಪ್ರಿಯವಾದ ಬಲೆ ಅದು.) ‘ಅಲಾಂಗ್‌ಸೈಡ್’ ಹೈಫಾದ ಸವಾರರಿಗೆ ಸಲ್ಲುತ್ತದೆ, ಟಿಪ್ಪುವಿಗೆ ಸಲ್ಲದು.

ಅದನ್ನು ಕನ್ನಡಕ್ಕೆ ತರುವವರು ಬರಿಯ ‘ಒಡನೆ’ಯನ್ನು ನೆಚ್ಚದೆ, ‘ಬ್ರಿಟಿಷರ ಪಕ್ಷದಲ್ಲಿ ನಿಂತು’ ಎಂದು ಬಿಡಿಸಿ ಬರೆಯುವುದು ಲೇಸು.