ಸೂರ್ಯನ ಒಲೆಗೆ ಸೌದೆ ಯಾವುದು?

ಒಲೆ ಉರಿಯಬೇಕಾದರೆ ಸೌದೆ ಒಟ್ಟುತ್ತಲೇ ಇರಬೇಕು. ಸೂರ್ಯನ ಒಲೆಗೆ ಸೌದೆ ಯಾವುದು? ಅವನಷ್ಟೇ ತೂಕದ ಕಲ್ಲಿದ್ದಲ ಗುಡ್ಡೆಯಾದರೂ ಕೆಲವು ಸಾವಿರ ವರ್ಷಗಳಲ್ಲಿ ಬೂದಿಯಾಗುತ್ತಿತ್ತು. ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಬಿಸಿಯಾಗಿದ್ದಾನೆ ಎಂದರು ಹತ್ತೊಂಬತ್ತನೇ ಶತಮಾನದ ಲಾರ್ಡ್ ಕೆಲ್ವಿನ್. ಆ ಲೆಕ್ಕಕ್ಕೆ ದಕ್ಕಿದ್ದು ಕೆಲವು ಕೋಟಿ ವರ್ಷ. ಅಷ್ಟರಲ್ಲಿ ಭೂಮಿಯ ಬಂಡೆಗಳ ವಯಸ್ಸು ನೂರು ಕೋಟಿ ದಾಟಿತು. ಅಪ್ಪನಿಗಿಂತ ಮಗಳೇ ಹಿರಿಯಳು!

ಗಂಟು ಬಿಡಿಸಿದ್ದು ತೂಕ. 1920ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ಪರಮಾಣುಗಳನ್ನು ತೂಗಿದರು. ನಾಲ್ಕು ಹೈಡ್ರೋಜನ್‌ಗಿಂತ ಒಂದು ಹೀಲಿಯಂ ಸಾವಿರಕ್ಕೆ ಏಳು ಪಾಲಿನಷ್ಟು ಹಗುರ. ನಾಲ್ಕು ಕೂಡಿ ಒಂದಾದರೆ ಆ ಏಳು ಪಾಲು ಎಲ್ಲಿಗೆ ಹೋಗಬೇಕು? ದ್ರವ್ಯವೂ ಶಕ್ತಿಯೂ ಒಂದೇ ಎಂದು ಐನ್‌ಸ್ಟೈನ್ 1905ರಲ್ಲೇ ಹೇಳಿಯಾಗಿತ್ತು. ಸೂರ್ಯನ ಸೌದೆ ಇದೇ ಇರಬೇಕೆಂದು ಆರ್ಥರ್ ಎಡಿಂಗ್ಟನ್ 1920ರಲ್ಲೇ ಕಾರ್ಡಿಫ್‌ನ ಸಭೆಯಲ್ಲಿ ಊಹಿಸಿದರು. ನಮ್ಮ ಮೇಘನಾದ ಸಹಾ ಅವರ ಸಮೀಕರಣ ಹಿಡಿದು, ನಕ್ಷತ್ರಗಳಲ್ಲಿ ತುಂಬಿರುವುದು ಹೈಡ್ರೋಜನ್ನೇ ಎಂದು 1925ರಲ್ಲಿ ತೋರಿಸಿದವರು ಸಿಸಿಲಿಯಾ ಪೇನ್. ಹಿರಿಯರು ನಂಬಲಿಲ್ಲ; ಆಮೇಲೆ ನಂಬಬೇಕಾಯಿತು.

ಇನ್ನೊಂದು ತೊಡಕಿತ್ತು. ಹೈಡ್ರೋಜನ್ನಿನ ಬೀಜಗಳಾದ ಪ್ರೋಟಾನ್‌ಗಳೆಲ್ಲ ಧನ ವಿದ್ಯುತ್ತಿನವು, ಒಂದನ್ನು ಕಂಡರೆ ಒಂದಕ್ಕೆ ಆಗದು. ಸೂರ್ಯಗರ್ಭದ ಒಂದೂವರೆ ಕೋಟಿ ಡಿಗ್ರಿಯ ಓಟವೂ ಆ ವಿಕರ್ಷಣೆಯ ಗುಡ್ಡ ಹತ್ತಲು ಸಾಲದು. ಕಣಗಳು ಗುಡ್ಡ ಹತ್ತದೆಯೇ ತೂರಿ ಆಚೆ ಹೋಗಬಲ್ಲವೆಂದು 1928ರಲ್ಲಿ ಜಾರ್ಜ್ ಗ್ಯಾಮೊವ್ ವಿವರಿಸಿದ ಮೇಲೆ ದಾರಿ ಕಂಡಿತು. ಬೆಸುಗೆಯ ಹಂತಗಳನ್ನು 1938-39ರಲ್ಲಿ ಬಿಡಿಸಿಟ್ಟ ಹಾನ್ಸ್ ಬೆಥೆಗೆ 1967ರಲ್ಲಿ ನೊಬೆಲ್ ಬಂತು.

ನನಗೆ ಸೋಜಿಗವೆನಿಸುವುದು ಈ ಒಲೆಯ ನಿಧಾನ. ಹಾಗೆ ತೂರಿ ಬೆಸೆಯಲು ಒಂದು ಪ್ರೋಟಾನ್ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಕಿಲೋ ಲೆಕ್ಕದಲ್ಲಿ ನೋಡಿದರೆ ಸೂರ್ಯನಿಗಿಂತ ನಮ್ಮ ಮೈಯೇ ಹೆಚ್ಚು ಶಾಖ ಹುಟ್ಟಿಸುತ್ತದೆ! ಅವನ ಗಾತ್ರ ದೊಡ್ಡದು, ಅಷ್ಟೇ. ಸೆಕೆಂಡಿಗೆ ಸುಮಾರು ನಲವತ್ತು ಲಕ್ಷ ಟನ್ ದ್ರವ್ಯ ಕರಗಿಸಿ ಬೆಳಕಾಗಿಸುತ್ತಾನೆ.

ಭೂಮಿಯ ಮೇಲೆ ಇಂಥ ಒಲೆ ಹೊತ್ತಿಸಲು ಹೊರಟ ನಮಗೆ ಅಷ್ಟು ತಾಳ್ಮೆಯಿಲ್ಲ. ಆದ್ದರಿಂದ ಬೇಗ ಬೆಸೆಯುವ ಡ್ಯುಟೀರಿಯಂ, ಟ್ರೀಟಿಯಂ ಎಂಬ ಭಾರದ ಹೈಡ್ರೋಜನ್‌ಗಳನ್ನು ಆರಿಸಿಕೊಂಡು ಹತ್ತು ಕೋಟಿ ಡಿಗ್ರಿಗೂ ಮೇಲೆ ಕಾಯಿಸುತ್ತೇವೆ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಈ ಸೌದೆ ಹೊತ್ತಿಸಲು 2.05 ಮೆಗಾಜೂಲ್ ಲೇಸರ್ ಬೆಳಕು ಸುರಿದಾಗ 3.15 ಮೆಗಾಜೂಲ್ ಹೊರಬಂತು. ಹತ್ತು ಲೀಟರು ನೀರು ಕುದಿಸುವಷ್ಟು. ಆ ಲೇಸರುಗಳು ನುಂಗಿದ ಕರೆಂಟು ಮಾತ್ರ ಇದರ ಸುಮಾರು ನೂರು ಪಟ್ಟು.