ಅಳಿವೆಯ ಕೆಸರು, ನಮ್ಮ ಕೆರೆಯ ಗೋಡು



ನಮ್ಮ ಹೇಮಾವತಿ ಕಾವೇರಿಗೆ ಹೋಗ್ತಾಳೆ. ಆದರೆ ಸಕಲೇಶಪುರ ಘಟ್ಟದ ಪಡುವಣ ಇಳಿಜಾರಿನ ಮಳೆನೀರು ಕೆಂಪುಹೊಳೆ, ಕುಮಾರಧಾರೆ ಹಾದು ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಹೊಳೆ ಕಡಲು ಕೂಡುವ ಆ ಅಳಿವೆಯ ತಳದ ಕೆಸರಿನಲ್ಲಿ ಬರಿಗಣ್ಣಿಗೆ ಕಾಣದ ಹುಳು, ಪಾಚಿ, ಚಿಪ್ಪಿನ ಜೀವಗಳಿವೆ. ಮೀನು, ಸೀಗಡಿ ಮರಿಗಳಿಗೆ ಅದೇ ಮೇವು. ಮುಂಗಾರಿನ ಪ್ರವಾಹಕ್ಕೆ ನೀರಿನ ಉಪ್ಪು ಇಳಿದು, ಕೆಸರೂ ಕೊಚ್ಚಿಹೋಗಿ ಅವು ಬಹಳ ಕಡಿಮೆಯಾಗ್ತವೆ. ಮಳೆ ನಿಂತು ಉಪ್ಪುನೀರು ಒಳಗೇರಿದ ಮೇಲೆ ಮತ್ತೆ ಹೆಚ್ಚಿ, ಬೇಸಿಗೆ ಹೊತ್ತಿಗೆ ತುಂಬಿಕೊಳ್ತವೆ. ನೆರೆ ತೊಳೆದದ್ದು ಹೀಗೆ ತಿರುಗಿ ಬರುತ್ತೆ. ಆದರೆ ಕೆಲವು ಔಷಧಿಗಳ ವಿಷ ಕೆಸರಿಗೇ ಅಂಟಿ ಉಳಿಯುತ್ತೆ. ನಮ್ಮ ಕೆರೆಯ ಗೋಡಿನಲ್ಲೂ ಅಷ್ಟೇ. ಆದ್ದರಿಂದ ಔಷಧಿ ಹೊಡೆದ ಕ್ಯಾನನ್ನು ಕೆರೆಯಲ್ಲಿ ತೊಳೀಬೇಡಿ ಸ್ವಾಮಿ. ನಾನೂ ಮೊದಲು ಅಲ್ಲೇ ತೊಳೀತಿದ್ದವನು.